ಅವಧಿ ಮುಗಿದ ಪ್ರತಿ

ಇವತ್ತು ಸಂಜೆ ಆರಕ್ಕೆ ಅದು ತಾನಾಗಿ ಅಳಿಸಿಹೋಗುತ್ತದೆ, ತಾನು ಕೈ ಕೂಡ ಎತ್ತಬೇಕಾಗಿಲ್ಲ ಎಂದು ಅವನು ಹಲ್ಲುಜ್ಜುತ್ತ ನಿಂತಾಗ ಅಂದುಕೊಂಡ, ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾಯಿತಲ್ಲ ಎಂದು ಒಂದಿಷ್ಟು ಸಮಾಧಾನವೂ ಆಯಿತು, ಥೂ. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಅವುಗಳಲ್ಲೊಂದು ತಾನು ಯಾರಿಗೆ ಯಾವಾಗ ಏನು ಕೊಟ್ಟೆ ಎಂದು ಸಾಲುಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಮೂವತ್ತು ದಿನ ಇಟ್ಟುಕೊಂಡು ಆಮೇಲೆ ಅಳಿಸುತ್ತದೆ, ಯಾರ ಅಪ್ಪಣೆಗೂ ಕಾಯುವುದಿಲ್ಲ. ಮೂರನೇ ವಾರ್ಡಿನ ಸಿಸ್ಟರು ಸುಳ್ಳು ಹೇಳುತ್ತಿಲ್ಲ ಎಂಬುದಕ್ಕೆ ಈ ಲೋಕದಲ್ಲಿ ಉಳಿದಿರುವ ಸಾಕ್ಷಿ ಆ ಸಾಲುಗಳು ಮಾತ್ರ. ಇವತ್ತು ಮೂವತ್ತನೆಯ ದಿನ. ಆ ಸಿಸ್ಟರಿನ ವಿಚಾರಣೆ ಮಧ್ಯಾಹ್ನ ಮೂರಕ್ಕೆ. “ಏನ್ರೀ ಅದು, ಅರ್ಧ ಗಂಟೆಯಿಂದ ಉಜ್ತಾನೇ ಇದೀರಲ್ಲ, ಮುದುಕರಾದ್ಮೇಲೆ ಅಗಿಯೋಕೆ ನಾಕು ಹಲ್ಲಾದ್ರೂ ಉಳಿಸ್ಕೊಳ್ಳಿ,” ಎಂದಳು ಹೆಂಡತಿ ಬಾಗಿಲ ಹೊರಗಿನಿಂದ. “ಏನಿಲ್ಲ,” ಎಂದ. “ನಾನು ಕೇಳೋದೊಂದು, ನೀವು ಹೇಳೋದೊಂದು. ಒಂದು ತಿಂಗಳಿಂದ ಇದೇ ಆಗಿದೆ.” ಅವಳು ಬಕೆಟ್ಟು ಎತ್ತಿಕೊಂಡು ಹೋದ ಸದ್ದು ಕೇಳಿಸಿತು. ಬಾಯಿ ಮುಕ್ಕಳಿಸಿ ಉಗುಳಿದ, ಒಸಡಿನಿಂದ ಸ್ವಲ್ಪ ರಕ್ತ ಬಂದಿತ್ತು.

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಪ್ರಿಂಟರ್ ಸಾರ್ ಎಂದು. ಹನ್ನೊಂದು ವರ್ಷದಲ್ಲಿ ಯಾವೊಬ್ಬ ಡಾಕ್ಟರೂ ಪ್ರಿಂಟರು ಕಾಗದ ಕಚ್ಚಿಕೊಂಡಾಗಲ್ಲದೆ ಬೇರೆ ಹೊತ್ತಿನಲ್ಲಿ ಅವನ ಮುಖ ನೋಡಿದ್ದಿಲ್ಲ. ನಿಮ್ಮ ಕೋಣೆಯಲ್ಲಿ ಇಷ್ಟಕ್ಕೂ ನಡೆಯುವುದೇನು ಎಂದು ಕೇಳಿದವಳು ಸಿಸ್ಟರೊಬ್ಬಳೇ. ಎರಡು ವರ್ಷದ ಹಿಂದೆ, ಅವನು ಅವಳ ವಾರ್ಡಿನ ಪ್ರಿಂಟರಿನ ಹೊಟ್ಟೆಗೆ ಕೈ ಹಾಕಿಕೊಂಡು ಕೂತಿದ್ದಾಗ, ಔಷಧಿಯ ತಟ್ಟೆ ಸೊಂಟಕ್ಕೆ ಆನಿಸಿಕೊಂಡು ಕೇಳಿದ್ದಳು. ಅವನಿಗೆ ಎಲ್ಲಿಲ್ಲದ ಹುರುಪು ಬಂದಿತ್ತು. ರೋಗಿ ಹೇಗಿದ್ದಾರೆಂದು ಮನೆಯವರು ಫೋನಿನಲ್ಲಿ ನೋಡುವ ಪುಟವಿದೆಯಲ್ಲ ಸಿಸ್ಟರ್, ಅದನ್ನು ಎಲ್ಲರೂ ಒಳಗಿನ ದೊಡ್ಡ ಕಂಪ್ಯೂಟರಿಗೇ ಹೋಗಿ ಕೇಳಿದರೆ ಅದು ಕುಸಿದು ಬೀಳುತ್ತದೆ. ಅದಕ್ಕೇ ಗೇಟಿನ ಪಕ್ಕದ ಕೋಣೆಯಲ್ಲಿ ಇನ್ನೊಂದನ್ನು ಕೂರಿಸಿದೆ, ಪ್ರಾಕ್ಸಿ ಅಂತ. ಒಳಗಿನದರ ಪರವಾಗಿ ಅದೇ ಉತ್ತರ ಕೊಡುತ್ತದೆ. ಪ್ರತಿ ಪುಟದ್ದೂ ಒಂದೊಂದು ಪ್ರತಿ ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ. ಪ್ರತಿಯ ಆಯಸ್ಸು ಐದೇ ನಿಮಿಷ. “ಆಮೇಲೆ ಬಿಸಾಕತ್ತಾ?” “ಇಲ್ಲ ಇಲ್ಲ, ಅಲ್ಲೇ ಇರೋದು ಮಜಾ. ಬಿಸಾಕಲ್ಲ. ಯಾರಾದ್ರೂ ಬಂದು ಕೇಳಿದಾಗ ಒಳಗೆ ಹೋಗಿ, ನನ್ನ ಹತ್ರ ಇಷ್ಟು ಗಂಟೇದು ಇದೆ, ಆಮೇಲೇನಾದ್ರೂ ಬದಲಾಯ್ತಾ ಅಂತ ವಿಚಾರಿಸುತ್ತೆ. ಇಲ್ಲ ಅಂದ್ರೆ ಅದೇ ಪ್ರತಿಗೆ ಇನ್ನೈದು ನಿಮಿಷ ಆಯಸ್ಸು. ಬದಲಾಗಿದ್ರೆ ಹೊಸದು ತರುತ್ತೆ. ಒಂದೇ ಸಲ ನೂರು ಜನ ಕೇಳಿದ್ರೂ ಒಳಗೆ ಹೋಗೋದು ಒಬ್ಬರ ಪರವಾಗಿ ಮಾತ್ರ. ಮಿಕ್ಕವರಿಗೆ ಅಷ್ಟರತನಕ ಹಳೇದೇ.” “ಒಳಗಿಂದ ಉತ್ತರಾನೇ ಬರ್ಲಿಲ್ಲ ಅಂದ್ರೆ?” ಜಾಣೆ, ಸರಿಯಾದ ಜಾಗಕ್ಕೇ ಕೈ ಹಾಕಿದ್ದಳು. “ಹತ್ತು ನಿಮಿಷ ಹಳೇದನ್ನ ಕೊಟ್ಟು ಸುಧಾರಿಸುತ್ತೆ. ಆಮೇಲೆ, ಈಗ ಮಾಹಿತಿ ಇಲ್ಲ, ವಾರ್ಡಿಗೆ ಬನ್ನಿ ಅನ್ನುತ್ತೆ.” “ಪರವಾಗಿಲ್ವೇ. ಗೊತ್ತಿಲ್ಲ ಅನ್ನೋಕೂ ಧೈರ್ಯ ಬೇಕು ಬಿಡಿ,” ಎಂದು ನಕ್ಕು ತಟ್ಟೆ ಎತ್ತಿಕೊಂಡು ಹೋದಳು. ಅವಳಿಗೆ ಆಗ ಐವತ್ತು ದಾಟಿತ್ತು, ಮಂಡಿ ನೋವಿನಿಂದ ಎಡಗಾಲು ತುಸು ಎಳೆಯುತ್ತಿದ್ದಳು.

ಆ ಹತ್ತು ನಿಮಿಷವನ್ನು ಇಪ್ಪತ್ತನಾಲ್ಕು ಗಂಟೆ ಮಾಡಿದವನು ಅವನೇ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಆ ದಿನ ಮತ್ತೆ ಕಣ್ಣೆದುರು ಬಂತು. ಅದೆಷ್ಟು ಸಲ ಬರುತ್ತದೋ, ಬರುವಾಗೆಲ್ಲ ಅಷ್ಟೇ ಬಿಸಿಯಾಗಿ ಬರುತ್ತದೆ. ಯಾವನೋ ದೊಡ್ಡ ಮನುಷ್ಯನ ಅತ್ತೆ ಒಳಗೆ ಮಲಗಿದ್ದಳು, ಪುಟದಲ್ಲಿ ಅರ್ಧ ಗಂಟೆ ‘ಮಾಹಿತಿ ಇಲ್ಲ’ ಎಂದು ಬಂದುಬಿಟ್ಟಿತ್ತು. ಆಡಳಿತಾಧಿಕಾರಿ ಅವನನ್ನು ಕರೆಸಿ, ನಾಲ್ಕು ಜನ ಡಾಕ್ಟರು, ಚಹಾ ತಂದವನು, ಎಲ್ಲರೆದುರಿಗೆ, “ರೀ, ಮಾಹಿತಿ ಇಲ್ಲ ಅಂತ ಹೇಳೋಕೆ ನಿಮಗೆ ಸಂಬಳ ಕೊಟ್ಟು ಸಾಕ್ಬೇಕೇನ್ರೀ? ಗೋಡೆಗೊಂದು ಬೋರ್ಡ್ ಹೊಡೆದ್ರೆ ಸಾಲ್ದಾ? ಹಳೇದೋ ಪಳೇದೋ ಏನೋ ಒಂದು ಕಾಣಿಸ್ತಾ ಇರ್ಲಿ ಕಣ್ರೀ!” ಎಂದಿದ್ದ. ಡಾಕ್ಟರೊಬ್ಬ ಮುಸಿಮುಸಿ ನಕ್ಕಿದ್ದ. ತಾನು ಏನು ಹೇಳಬೇಕಿತ್ತು ಎಂಬುದು ಅವನಿಗೆ ಚೆನ್ನಾಗಿ ಗೊತ್ತು: ಸಾರ್, ರೋಗಿಯ ಸ್ಥಿತಿ ಅನ್ನೋದು ಹಳಸಿದರೂ ಬಡಿಸೋ ವಸ್ತುವಲ್ಲ. ಈ ವಾಕ್ಯ ಅವನಿಗೆ ಹೊಳೆದದ್ದು ಮೆಟ್ಟಿಲಿಳಿದ ಮೇಲೆ. ಕೋಣೆಗೆ ಬಂದು, ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿದ್ದ ಅವಮಾನದ ಭರದಲ್ಲಿ, ಹತ್ತು ಅಳಿಸಿ ಇಡೀ ದಿನದ ನಿಮಿಷ, ಸಾವಿರದ ನಾನೂರ ನಲವತ್ತು, ಎಂದು ಬರೆದ. ಇನ್ನು ಕಾಣಿಸುತ್ತೆ ತಗೊಳ್ಳಯ್ಯ, ಕಣ್ತುಂಬ ನೋಡು. ಹಾಗೆಂದು ಬೈದುಕೊಂಡೇ ಬರೆದದ್ದು, ವಿಧೇಯತೆಯಲ್ಲ, ಸೇಡು. ಯಾರ ಮೇಲಿನ ಸೇಡು ಯಾರ ತಲೆಗೆ ತಟ್ಟುತ್ತದೆಂದು ಬಟನ್ನು ಒತ್ತುವಾಗ ಯಾರು ಯೋಚಿಸುತ್ತಾರೆ? ಕಂಡಕ್ಟರು ಬೆನ್ನು ತಟ್ಟಿ ಟಿಕೆಟ್ಟು ಕೇಳಿದ.

ಆಮೇಲೆ ಎರಡು ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ಚೆನ್ನಾಗಿಯೇ ಇದೆ ಎಂದು ಪುಟ ಹೇಳುತ್ತಿತ್ತು. ಮೂವತ್ತು ದಿನದ ಹಿಂದೆ ಮಧ್ಯಾಹ್ನ ಒಂದು ಐವತ್ತೆರಡಕ್ಕೆ ಒಳಗಿನ ಕಂಪ್ಯೂಟರಿಗೂ ಗೇಟಿನ ಪಕ್ಕದ್ದಕ್ಕೂ ನಡುವೆ ತಂತಿ ಕೂಡಿಸುವ ಪೆಟ್ಟಿಗೆ ಬಿಸಿಯಾಗಿ ಮಲಗಿತು. ವಾರ್ಡುಗಳಲ್ಲಿ ಯಾರಿಗೂ ತಿಳಿಯಲಿಲ್ಲ, ಅವರ ಕೆಲಸ ಒಳಗೊಳಗೇ ನಡೆದಿತ್ತು. ಅವನಿಗೂ ತಿಳಿಯಲಿಲ್ಲ, ಅವನು ಲೆಕ್ಕಪತ್ರ ವಿಭಾಗದಲ್ಲಿ ಪ್ರಿಂಟರಿನ ರೋಲರು ಒರೆಸುತ್ತಿದ್ದ. ಎರಡು ಗಂಟೆ ಐದು ನಿಮಿಷಕ್ಕೆ ಮೂರನೇ ವಾರ್ಡಿನ ಏಳನೇ ಮಂಚದ ರೋಗಿಗೆ ಉಸಿರು ಕಟ್ಟತೊಡಗಿತು. ಸಿಸ್ಟರು ‘ಸ್ಥಿರ’ ಎಂದಿದ್ದುದನ್ನು ‘ಗಂಭೀರ, ಕೂಡಲೇ ಬನ್ನಿ’ ಎಂದು ಬದಲಿಸಿದಳು, ಅವಳು ಹೇಳುವ ಪ್ರಕಾರ. ಮನೆಯವರದೆಂದು ಚೀಟಿಯಲ್ಲಿದ್ದ ನಂಬರಿಗೆ ಫೋನೂ ಮಾಡಿದಳು. ಅದು ಮಂಚದ ಪಕ್ಕದ ಡ್ರಾಯರಿನಲ್ಲೇ ರಿಂಗಾಯಿತು. ಸೇರಿಕೊಳ್ಳುವಾಗ ಆ ಮನುಷ್ಯ ಬೇರೆ ನಂಬರು ತೋಚದೆ ತನ್ನದನ್ನೇ ಬರೆಸಿದ್ದ. ಮೂರು ನಲವತ್ತಕ್ಕೆ ತೀರಿಕೊಂಡ. ನಾಲ್ಕು ಇಪ್ಪತ್ತಕ್ಕೆ ಅವನ ಹೆಂಡತಿ, ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುವವಳು, ಒಗೆದ ಪೈಜಾಮ, ಬಾಚಣಿಗೆ ಹಿಡಿದು ಭೇಟಿಯ ಹೊತ್ತಿಗೆ ಸರಿಯಾಗಿ ಬಂದಳು. ಕೈಯಲ್ಲಿದ್ದ ಫೋನಿನಲ್ಲಿ ಇನ್ನೂ ಸ್ಥಿರ ಎಂದೇ ಇತ್ತು. ಅದನ್ನು ಕಂಡ ಡಾಕ್ಟರು ಸಿಸ್ಟರಿನ ಮೇಲೆ ಎಗರಿಬಿದ್ದ, ಮೊದಲು ಅದನ್ನು ಸರಿ ಮಾಡಿ ಎಂದು ಕೂಗಾಡಿದ. ಅವಳು ಗಾಬರಿಯಲ್ಲಿ ಇನ್ನೊಮ್ಮೆ ನಮೂದಿಸಿದಳು. ಒಳಗಿನ ಕಂಪ್ಯೂಟರು ಇಟ್ಟುಕೊಳ್ಳುವುದು ಕೊನೆಯ ನಮೂದೊಂದನ್ನೇ. ಮೊದಲಿನವು ಹೋದವು, ಉಳಿದದ್ದು ನಾಲ್ಕು ಇಪ್ಪತ್ತನಾಲ್ಕು ಎಂಬ ಸಮಯ. ಹೆಂಡತಿ ಬಂದು ಅತ್ತ ಮೇಲೆ ಎಚ್ಚೆತ್ತ ನರ್ಸು ಎಂಬ ಕತೆಗೆ ಅಷ್ಟು ಸಾಕಾಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಎತ್ತು ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಮಲಗಿದ್ದ ಪೆಟ್ಟಿಗೆಯನ್ನು ಸರಿಮಾಡಿ, ಸಾವಿರದ ನಾನೂರ ನಲವತ್ತನ್ನು ಅಳಿಸಿ ಮತ್ತೆ ಹತ್ತು ಬರೆಯಿತು. ಆಡಳಿತಾಧಿಕಾರಿ ಲಿಖಿತವಾಗಿ ಕೇಳಿದ್ದು ಒಂದೇ ಪ್ರಶ್ನೆ: ಸದರಿ ದಿನ ಪುಟ ಕೆಲಸ ಮಾಡುತ್ತಿತ್ತೇ? ಅವನು ಬರೆದುಕೊಟ್ಟ: ಸದರಿ ದಿನ ಪುಟ ಒಂದು ನಿಮಿಷವೂ ನಿಂತಿರುವುದಿಲ್ಲ, ತನಗೆ ಲಭ್ಯವಿದ್ದ ಇತ್ತೀಚಿನ ಮಾಹಿತಿಯನ್ನು ತೋರಿಸಿರುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಒಂದು ಅಕ್ಷರವೂ ಸುಳ್ಳಲ್ಲ, ಎಷ್ಟು ಬೇಕಾದರೂ ಆಣೆ ಹಾಕಬಹುದು. ಇಂಥ ನಿಜ ಹೇಳುವುದರಲ್ಲಿ ಅವನ ಕೈ ಪಳಗಿದ್ದು ಇಂದು ನಿನ್ನೆಯಲ್ಲ. ದೂರದ ಊರಿನಲ್ಲಿದ್ದ ಅಕ್ಕ ಫೋನು ಮಾಡಿ, “ಅಮ್ಮ ಹೇಗಿದ್ದಾಳೋ?” ಎಂದು ಕೇಳಿದಾಗೆಲ್ಲ, “ಹಾಗೇ ಇದ್ದಾಳೆ ಕಣೇ,” ಎನ್ನುತ್ತಿದ್ದ. ಮೊದಮೊದಲು ಎದ್ದು ಅಮ್ಮನ ಕೋಣೆಗೆ ಹೋಗಿ, ಅವಳ ಹಣೆ ಮುಟ್ಟಿ, ಎರಡು ಮಾತಾಡಿ ಹೇಳುತ್ತಿದ್ದ. ಆಮೇಲೆ ಬಾಗಿಲಿಂದ ಇಣುಕಿ ಹೇಳಿದ. ಆಮೇಲೆ ಕೂತಲ್ಲಿಂದಲೇ. ಒಂದು ದಿನ ಆಫೀಸಿನಲ್ಲಿದ್ದಾಗ ಅಕ್ಕ ಕೇಳಿದಳು, ಬೆಳಿಗ್ಗೆ ಅಮ್ಮನ ಮುಖವನ್ನೇ ನೋಡಿರಲಿಲ್ಲ, ಹಾಗೇ ಇದ್ದಾಳೆ ಎಂದ. ಅದೇ ಹೊತ್ತಿಗೆ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು, ಏಳಲಾರದೆ ನೀರಲ್ಲಿ ಮಲಗಿದ್ದಳು. “ನಿನ್ನ ಹಾಗೇ ಇದ್ದಾಳೇನ ನಂಬ್ಕೊಂಡು ನಾನು ಹಾಯಾಗಿ ಕೂತಿದ್ನಲ್ಲೋ,” ಎಂದಿದ್ದಳು ಅಕ್ಕ, ಬಂದವಳು ಚಪ್ಪಲಿ ಕೂಡ ಬಿಡದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಸ್ಸಿಳಿದು ಕೋಣೆಗೆ ಬಂದವನು ಬಾಗಿಲು ಹಾಕಿಕೊಂಡು ರೋಗಿ ತೀರಿಕೊಂಡ ದಿನದ ಸಾಲುಗಳನ್ನು ತೆರೆದ. ಪ್ರತಿಯೊಬ್ಬ ರೋಗಿಯ ಪುಟಕ್ಕೂ ಮನೆಯವರಿಗೆ ಕೊಟ್ಟ ಗುಪ್ತ ಸಂಖ್ಯೆಯೊಂದಿರುತ್ತದೆ, ಏಳನೇ ಮಂಚದ್ದು ತೀರಿಕೊಂಡವನ ಹೆಂಡತಿಯ ಹತ್ತಿರ ಮಾತ್ರ ಇತ್ತು. ಒಂದು ಐವತ್ತೆಂಟರಿಂದ ನಾಲ್ಕು ಹದಿನೆಂಟರವರೆಗೆ ಅವಳು ನಲವತ್ತೊಂದು ಸಲ ನೋಡಿದ್ದಳು. ನಲವತ್ತೊಂದು ಸಲವೂ ಸಾಲಿನ ಕೊನೆಗೆ ಒಂದೇ ಮಾತು: ಒಳಗಿನಿಂದ ಉತ್ತರವಿಲ್ಲ, ಅವಧಿ ಮುಗಿದ ಪ್ರತಿ ಕೊಡಲಾಗಿದೆ. ಈ ಯಂತ್ರ ಅವನ ಹಾಗಲ್ಲ, ಕೊಟ್ಟದ್ದು ಹಳೆಯದೆಂದು ತನ್ನ ಮಟ್ಟಿಗಾದರೂ ಬರೆದಿಟ್ಟುಕೊಂಡಿತ್ತು. ಪ್ರಿಂಟು ತೆಗೆದ, ಮೂರು ಹಾಳೆಯಾಯಿತು, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ತುರುಕಿದ. ಕೊಡುತ್ತೇನೆ ಎಂದೇನೂ ನಿರ್ಧಾರ ಮಾಡಿಕೊಂಡಿರಲಿಲ್ಲ. ಒಂದು ತಿಂಗಳಿಂದ ಅವನು ತನಗೆ ತಾನೇ ಹೇಳಿಕೊಂಡು ಬಂದ ಸಬೂಬು ಬೇರೆ ಇತ್ತು, ಅದೂ ತಳ್ಳಿಹಾಕುವಂಥದ್ದಲ್ಲ: ಆ ಹೆಂಗಸು ಈಗ, ಗಂಡ ಇದ್ದಕ್ಕಿದ್ದಂತೆ ಹೋದ, ನರ್ಸು ತಿಳಿಸುವುದನ್ನು ಮರೆತಳು, ಅಷ್ಟೇ ಎಂದುಕೊಂಡಿದ್ದಾಳೆ, ಈ ಹಾಳೆ ಬಿಚ್ಚಿದರೆ, ಎರಡು ಐದರಿಂದ ಮೂರು ನಲವತ್ತರವರೆಗೆ ಅವನು ಬದುಕಿದ್ದ, ಕೂಡಲೇ ಬನ್ನಿ ಎಂಬ ಮಾತು ಹೊರಟು ಗೇಟಿನವರೆಗೂ ಬಂದು ನಿಂತಿತ್ತು ಎಂದು ಅವಳಿಗೆ ಗೊತ್ತಾಗುತ್ತದೆ. ಅದನ್ನು ತಿಳಿದು ಅವಳು ಮಾಡುವುದೇನು? ಸತ್ತವನು ಬರುತ್ತಾನೆಯೇ? ಹೀಗೆ ಇನ್ನೊಬ್ಬರ ದುಃಖವನ್ನು ಕೊಡೆ ಮಾಡಿಕೊಂಡು ಅವನು ತಿಂಗಳಿಡೀ ಒದ್ದೆಯಾಗದೆ ಓಡಾಡಿದ್ದ.

ಮೂರಕ್ಕೆ ಐದು ನಿಮಿಷವಿದ್ದಾಗ ಮೆಟ್ಟಿಲು ಹತ್ತುತ್ತಿದ್ದವನನ್ನು ಲೆಕ್ಕಪತ್ರ ವಿಭಾಗದ ಗುಮಾಸ್ತೆ ತಡೆದಳು. “ಪ್ರಿಂಟರ್ ಸಾರ್, ಪ್ರಿಂಟರ್ ಸಾರ್, ಒಂದೇ ನಿಮಿಷ, ಮತ್ತೆ ಕಚ್ಕೊಂಡಿದೆ.” ಹೋದ. ಮೊಣಕಾಲೂರಿ ಕೂತು, ನಿಧಾನಕ್ಕೆ, ಹರಿಯದಂತೆ ಕಾಗದ ಎಳೆದ. ಇನ್ನೂ ಸ್ವಲ್ಪ ಹೊತ್ತು ಕಚ್ಚಿಕೊಂಡಿರಬಾರದೇ ಎನ್ನಿಸಿತು. “ನಿಮ್ಮ ಕೈಗುಣಾನೇ ಗುಣ ಸಾರ್,” ಎಂದಳು ಅವಳು. ಕೈಗೆ ಮಸಿಯಾಗಿತ್ತು, ಒರೆಸಿಕೊಳ್ಳಲು ಕರವಸ್ತ್ರ ತೆಗೆಯಹೋಗಿ ಜೇಬಿನ ಹಾಳೆ ಬೆರಳಿಗೆ ತಾಗಿತು.

ಆಡಳಿತಾಧಿಕಾರಿಯ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಎಲ್ಲದರ ಮೇಲೂ ಏನಾದರೊಂದು ಭಾರ ಇಟ್ಟಿತ್ತು. ಸಿಸ್ಟರು ಸಮವಸ್ತ್ರವಿಲ್ಲದೆ ಕೂತಿದ್ದಳು. ತಿಂಗಳಿಂದ ಕೆಲಸದಿಂದ ಹೊರಗಿಟ್ಟಿದ್ದರು. ಬಣ್ಣದ ಬಟ್ಟೆಯಲ್ಲಿ ಅವಳನ್ನು ಅವನು ನೋಡಿದ್ದು ಅದೇ ಮೊದಲು, ಯಾರದೋ ಮನೆಯ ದೊಡ್ಡಮ್ಮನ ಹಾಗೆ ಕಂಡಳು. ಮೂಲೆಯ ಕುರ್ಚಿಯಲ್ಲಿ ತೀರಿಕೊಂಡವನ ಹೆಂಡತಿ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಸಣ್ಣ ಕಪ್ಪು ಚುಕ್ಕೆಗಳು. ಆಡಳಿತಾಧಿಕಾರಿ ಅವನ ವರದಿಯನ್ನು ಗಟ್ಟಿಯಾಗಿ ಓದಿದ: ಒಂದು ನಿಮಿಷವೂ ನಿಂತಿರುವುದಿಲ್ಲ. “ಸರಿ ತಾನೇ ಪ್ರಿಂಟರ್ ಸಾರ್?” “ಸರಿ ಸಾರ್,” ಎಂದ. ಬಾಯಿ ತಾನಾಗಿ ಅಂದಿತು. ಒಳಗೆ ಹೋಗಿ ವಿಚಾರಿಸಿಕೊಂಡು ಬರಲೇ ಇಲ್ಲ.

“ಕೇಳಿದ್ರಲ್ಲ ಸಿಸ್ಟರ್. ಮನುಷ್ಯರಿಗೆ ಮರೆವು ಸಹಜ, ಕೆಲಸದ ಒತ್ತಡ, ವಯಸ್ಸು ಬೇರೆ. ಮರೆತೆ ಅಂತ ಬರ್ಕೊಡಿ, ನಿವೃತ್ತಿ ಅಂತ ಮಾಡಿ ಮುಗಿಸೋಣ. ಎಳೆದಾಡಿದ್ರೆ ವಜಾ ಆಗುತ್ತೆ, ಪಿಂಚಣಿಗೂ ಕುತ್ತು.”

ಸಿಸ್ಟರು ಕೂಗಾಡುತ್ತಾಳೆ ಎಂದು ಅವನು ಕಾದ. ಕೂಗಾಡಿದ್ದರೆ ಅವನಿಗೆ ಅನುಕೂಲವಿತ್ತು, ಸುಮ್ಮನಿರಬಹುದಿತ್ತು. ಅವಳು ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ನೋಡುತ್ತಿದ್ದಳು. “ಬರ್ಕೊಳ್ಳಿ,” ಎಂದಳು. “ಮರೆತೆ ಅಂತಾನೇ ಬರ್ಕೊಳ್ಳಿ. ನಾನು ಮಾಡಿದ್ದೆ ಅಂತ ಇಷ್ಟು ದಿನ ಹೇಳ್ತಾ ಬಂದೆ. ಈಗ ನನಗೇ ಅನುಮಾನ ಆಗಿದೆ. ರಾತ್ರಿ ಕಣ್ಣು ಮುಚ್ಚಿದ್ರೆ ಒಂದ್ಸಲ ಮಾಡಿದ ಹಾಗೆ ಕಾಣುತ್ತೆ, ಒಂದ್ಸಲ ಮಾಡೋಣ ಅಂದ್ಕೊಂಡು ಆಕ್ಸಿಜನ್ ಹತ್ರ ಓಡಿದ ಹಾಗೆ ಕಾಣುತ್ತೆ. ಯಂತ್ರಾನೇ ಸರಿ ಇತ್ತು ಅಂದ್ಮೇಲೆ, ನಾನೇ ಇರ್ಬೇಕು.”

ಅವಳ ಕೆಲಸ ಹೋಗುವುದನ್ನು ಅವನು ಹೇಗೋ ನುಂಗಿಕೊಂಡಿದ್ದ. ಕೆಲಸ ಹೋದವರು ಬೇರೆ ಹುಡುಕಿಕೊಳ್ಳುತ್ತಾರೆ, ನಿವೃತ್ತಿಗೆ ಹೇಗೂ ಹತ್ತಿರವಿದ್ದಳು, ಹೀಗೆ ಏನೇನೋ. ಆದರೆ ತಾನು ಬರೆದುಕೊಟ್ಟ ಒಂದು ಸಾಲು ಅವಳ ತಲೆಯೊಳಗೆ ಹೋಗಿ, ಅವಳು ಕಣ್ಣಾರೆ ಕಂಡು ಕೈಯಾರೆ ಮಾಡಿದ್ದನ್ನು ಅಳಿಸಿ, ಅಲ್ಲಿ ತನ್ನನ್ನು ಬರೆದುಕೊಂಡಿದೆಯಲ್ಲ. ಇಲ್ಲ, ಇದು ಆಗಬಾರದು. ಇದನ್ನು ಮಾಡಲು ತನಗೆ ಯಾವ ಹಕ್ಕಿದೆ? “ಸಿಸ್ಟರ್, ನೀವು ಮಾಡಿದ್ರಿ,” ಎಂದುಬಿಟ್ಟ. ದನಿ ವಿಚಿತ್ರವಾಗಿ ಕೀರಲಾಯಿತು. “ನೀವು ಮಾಡಿದ್ರಿ. ನಡುವಿನ ಪೆಟ್ಟಿಗೆ ಕೆಟ್ಟು ಅದು ಹೊರಗೆ ಹೋಗ್ಲಿಲ್ಲ ಅಷ್ಟೇ. ನಂದೇ ತಪ್ಪು. ಗೊತ್ತಿಲ್ಲ ಅನ್ಬೇಕಾದ ಜಾಗದಲ್ಲಿ ಹಳೇದನ್ನೇ ಕೊಡು ಅಂತ ನಾನೇ ಬರೆದಿದ್ದು. ಮಾರನೇ ದಿನ ಅಳಿಸಿದ್ದೂ ನಾನೇ.” ಮಸಿ ಹತ್ತಿದ ಕೈಯಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟ, ಅದು ಮಡಿಕೆಯಾಗಿಯೇ ನಿಂತಿತು. ಆಡಳಿತಾಧಿಕಾರಿ, “ಏನ್ರೀ ಹೇಳ್ತಾ ಇದೀರ ನೀವು? ತಲೆ ನೆಟ್ಟಗಿದೆಯೇನ್ರೀ?” ಎಂದು ಎದ್ದುನಿಂತ. ಹಳೇದೋ ಪಳೇದೋ ಕಾಣಿಸಲಿ ಎಂದವರು ನೀವೇ ಎಂದು ಹೇಳುವ ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ, ಅದು ಇನ್ನೊಂದು ದಿನದ ಮಾತು. ಸಿಸ್ಟರು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲ್ಲಾಡುತ್ತಿತ್ತು.

ಮೂಲೆಯಿಂದ ಆ ಹೆಂಗಸು ಎದ್ದು ಬಂದು ಹಾಳೆ ಬಿಡಿಸಿ, ಅಂಗೈಯಿಂದ ಮಡಿಕೆ ತೀಡಿ, ಬಟ್ಟೆ ಹರವಿದ ಹಾಗೆ ಹರವಿದಳು. “ಸಿಸ್ಟರು ಎಷ್ಟೊತ್ತಿಗೆ ಬರೆದಿದ್ದು?” “ಎರಡು ಐದಕ್ಕೆ,” ಎಂದ. “ಇವರು ಹೋಗಿದ್ದು ಮೂರು ನಲವತ್ತಕ್ಕೆ.” “ಹೌದು.” “ಅಂಗಡಿಯಿಂದ ಇಲ್ಲಿಗೆ ನಡ್ಕೊಂಡು ಬಂದ್ರೆ ಇಪ್ಪತ್ತು ನಿಮಿಷ ಸಾರ್.”

ಅವನು ಕಾದ. ಬೈಗುಳಕ್ಕೆ, ಕೆನ್ನೆಗೆ ಬೀಳುವ ಏಟಿಗೆ, ಯಾವುದಕ್ಕೂ. ಕ್ಷಮಿಸಿ ಎನ್ನಬೇಕಿತ್ತು, ಆ ಪದ ಅಷ್ಟು ಸಣ್ಣದಾಗಿ ಕಂಡಿತು, ಅಂದ, ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ಹಾಳೆಯ ಮೇಲೆ ಬೆರಳಿಟ್ಟಿದ್ದಳು. “ಇದೆಲ್ಲ ನಾನು ನೋಡಿದ್ದಾ?” “ಹೌದಮ್ಮ. ಒಂದೊಂದು ಸಲ ನೋಡಿದ್ದಕ್ಕೂ ಒಂದೊಂದು ಸಾಲು.” “ನನಗೆ ಈ ಇಂಗ್ಲಿಷ್ ಅಕ್ಷರ ತಿಳಿಯಲ್ಲ. ಓದಿ.”

“ಅಮ್ಮ, ಅದೆಲ್ಲ ಯಾಕೆ ಈಗ,” ಎಂದ ಆಡಳಿತಾಧಿಕಾರಿ. ಅವಳು ಅವನತ್ತ ತಿರುಗಲೂ ಇಲ್ಲ. ಕುರ್ಚಿಯನ್ನು ಸಿಸ್ಟರಿನ ಪಕ್ಕಕ್ಕೆ ಎಳೆದುಕೊಂಡು ಕೂತಳು. “ಎರಡು ಐದು ಆದ್ಮೇಲಿಂದು ಓದಿ.”

“ಎರಡು ಒಂಬತ್ತು,” ಎಂದು ಅವನು ಓದಿದ.

“ಎರಡು ಒಂಬತ್ತು. ಆಗ ನಾನು ದಾರ ಬದಲಾಯಿಸ್ತಾ ಇದ್ದೆ. ಸ್ಥಿರ ಅಂತಿತ್ತು.” ಅವಳು ಸಿಸ್ಟರಿನ ಕೈ ಹಿಡಿದುಕೊಂಡಳು. “ಆಗ ಇವರು ಏನು ಮಾಡ್ತಿದ್ರು ಸಿಸ್ಟರ್?”

ಸಿಸ್ಟರು ಮುಖದಿಂದ ಸೆರಗು ತೆಗೆದಳು. “ಎಬ್ಬಿಸಿ ಕೂರಿಸಿ ಅಂದ್ರು. ಇಬ್ಬರು ಸೇರಿ ಕೂರಿಸಿದ್ವಿ. ಕಿಟಕಿ ತೆಗೀರಿ ಅಂದ್ರು.”

“ಸೆಕೆ ಆಗ್ತಿರ್ಲಿಲ್ಲ ಅವರಿಗೆ. ಉಸಿರಿಗೆ ಅಂದಿರ್ಬೇಕು.” ತಲೆಯಾಡಿಸಿದಳು. “ಮುಂದಿಂದು.”

“ಎರಡು ಹನ್ನೆರಡು.”

“ಆಗ?”

“ಫೋನ್ ಮಾಡಿದೆ. ಡ್ರಾಯರಲ್ಲಿ ರಿಂಗಾಯ್ತು. ಅದನ್ನ ಕೇಳಿ ಅವರಿಗೆ ನಗು ಬಂತು. ಅವಳು ಬರ್ತಾಳೆ ಬಿಡಿ ಸಿಸ್ಟರ್, ಪುಟ ನೋಡ್ತಾನೇ ಇರ್ತಾಳೆ ಅಂದ್ರು.”

ಆ ಹೆಂಗಸು ಕಣ್ಣು ಮುಚ್ಚಿ ತೆರೆದಳು. ಬೆರಳನ್ನು ಒಂದು ಸಾಲು ಕೆಳಗೆ ಇಳಿಸಿದಳು. “ಓದಿ ಸಾರ್,” ಎಂದಳು, “ಒಂದೂ ಬಿಡ್ಬೇಡಿ.”

“ಎರಡು ಹದಿನಾರು,” ಎಂದು ಅವನು ಓದಿದ.